ತಾಮ್ರ ಹೇಳಿದ ಹೊತ್ತು

"ಮುಟ್ಬೇಡ ಬಿಂದು!"

ಗಾಜಿನ ಬೀಕರಿಗೆ ಒಂದು ಗೇಣು ದೂರದಲ್ಲಿ ಸಬ್ ಇನ್ಸ್‌ಪೆಕ್ಟರ್ ಬಿಂದುಶ್ರೀಯ ಕೈ ನಿಂತುಹೋಯಿತು.

"ಕರೆಂಟಿಲ್ಲ ಸಾರ್. ಶನಿವಾರನೇ ಫ್ಯೂಸ್ ಕಿತ್ತು ಹೊರಗಡೆ ಕಿಟಕಿ ಮೇಲೆ ಇಡ್ಸಿದೀನಿ. ಇವತ್ತು ಬೆಳಿಗ್ಗೆ ಹತ್ತಕ್ಕೂ ಅಲ್ಲೇ ಇತ್ತು."

"ಇರಲಿ. ನೋಡಿ ಮುಟ್ಟು ಅಂತ ಹತ್ತನೇ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೆ ನಿಂಗೆ?"

"ಬೆತ್ತ ಹಿಡ್ಕೊಂಡೇ ಹೇಳಿದ್ರಿ."

ಶಂಭುಲಿಂಗಪ್ಪ ಮೇಷ್ಟ್ರು ನಗಲಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದರು. ಮೂವತ್ತೊಂದು ವರ್ಷ ಇದೇ ಪ್ರಯೋಗಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವರು ಅವರು. ನಿವೃತ್ತರಾಗಿ ಎಂಟು ವರ್ಷವಾದರೂ ಟೆಸ್ಟರ್ ಜೇಬು ಬಿಟ್ಟಿರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಬಂದು ಬೀಕರಿನ ನೀಲಿ ನೀರಿಗೆ ಇಳಿದಿದ್ದ ಕರಿ ತಂತಿಗೆ ಒಂದು ಕಡೆ ರಬ್ಬರು ಸುಲಿದಿತ್ತು. ಅಲ್ಲಿಗೆ ಟೆಸ್ಟರಿನ ಮೊನೆ ತಾಗಿಸಿದರು.

ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

ಬಿಂದುಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮೊಗಸಾಲೆಗೆ ಓಡಿದಳು. ಮರಳಿ ಬಂದಾಗ ಅವಳ ಕೈಯಲ್ಲಿ ಪಿಂಗಾಣಿಯ ಫ್ಯೂಸಿತ್ತು.

"ಯಾರೋ ಮತ್ತೆ ಹಾಕಿದ್ರು ಸಾರ್. ಒಂದು ಗಂಟೆಯೊಳಗೆ."

ಎರಡು ದಿನದ ಹಿಂದೆ, ಶನಿವಾರ, ಇದೇ ಬೀಕರಿನ ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು ಶಿವಸ್ವಾಮಿ ಸತ್ತು ಬಿದ್ದಿದ್ದರು.

"ಹತ್ತು ಗಂಟೆಯಿಂದ ಒಳಗೆ ಬಂದವರು ಯಾರು?"

"ಶಾಲೆಗೆ ರಜೆ. ಹೆಡ್‌ಮಾಸ್ಟರ್ ರೂಮಿನಲ್ಲಿದಾರೆ. ಗೇಟಲ್ಲಿ ನಮ್ಮ ಪೇದೆ. ಮತ್ತೆ ನೀವು." ಅವಳು ಯೋಚಿಸಿದಳು. "ನಿಮ್ಮನ್ನ ಸ್ಕೂಟರಲ್ಲಿ ಬಿಟ್ಟು, ಕನ್ನಡಕ ಮರೆತಿದ್ರಿ ಅಂತ ನಿಮ್ಮ ಮಗ ಸಾಗರ್ ಒಳಗೆ ಬಂದು ಕೊಟ್ಟೋದ್ರಲ್ಲ, ಅಷ್ಟೇ."

"ಹೆಡ್‌ಮಾಸ್ಟರ್ ರೂಮಿನಿಂದ ಫ್ಯೂಸಿನ ಪೆಟ್ಟಿಗೆಗೆ ಹತ್ತು ಹೆಜ್ಜೆ," ಎಂದರು ಮೇಷ್ಟ್ರು.

ಅಂಗಿಯೊಳಗಿನ ಕರಡಿಗೆಯ ಮೇಲೆ ಅವರ ಕೈ ತಾನಾಗಿ ಹೋಯಿತು. ಕರಡಿಗೆಯ ಬೆಳ್ಳಿ ಮೈಬಿಸಿಗೆ ಬೆಚ್ಚಗಿತ್ತು. ಒಳಗಿದ್ದ ಇಷ್ಟಲಿಂಗಕ್ಕೆ ಮನಸ್ಸಿನಲ್ಲೇ ಶರಣೆಂದರು.

ಪ್ರಯೋಗವನ್ನು ಪರೀಕ್ಷಿಸಲು ಬಂದು ಆ ಬೀಕರಿಗೆ ಇವತ್ತು ಕೈ ಹಾಕಬೇಕಾಗಿದ್ದವರು ಅವರೇ. ಅದು ಎಲ್ಲರಿಗೂ ಗೊತ್ತಿತ್ತು.

*

ಗೇಟಿನ ಹೊರಗೆ ಪೊಲೀಸ್ ಜೀಪು ನಿಂತಿತ್ತು. ಒಳಗೆ ಅಟೆಂಡರ್ ಬಸವಯ್ಯ ಕೈಕೋಳ ತೊಟ್ಟು ತಲೆ ತಗ್ಗಿಸಿ ಕೂತಿದ್ದ. ಮಧ್ಯಾಹ್ನ ಎರಡಕ್ಕೆ ಅವನನ್ನು ಚಾಮರಾಜನಗರದ ಕೋರ್ಟಿಗೆ ಕರೆದೊಯ್ಯಬೇಕು. ಕೊಲೆಯ ಆರೋಪ. ಅವನ ಹೆಂಡತಿ ಈರಮ್ಮ ಹರದನಹಳ್ಳಿಯಿಂದ ಮೊದಲ ಬಸ್ಸಿಗೇ ಬಂದು ಜೀಪಿನ ಚಕ್ರಕ್ಕೆ ಒರಗಿ ಕೂತಿದ್ದಳು. ಬೆಳಿಗ್ಗೆ ಮೇಷ್ಟ್ರು ಬರುವಾಗ ಎದ್ದು ಅಡ್ಡ ನಿಂತಿದ್ದಳು.

"ಒಂದು ಇರುವೆ ತುಳ್ದೋನಲ್ಲ ಸೋಮಿ ಇವ್ನು. ಶಿವಸ್ವಾಮಿ ಮೇಷ್ಟ್ರು ರಜ ಕೊಡ್ಲಿಲ್ಲ ಅಂತ ಬಾಯಿ ಮಾಡಿದ್ದು ದಿಟ. ಬಾಯಿ ಮಾಡ್ದೋನು ಸಾಯಿಸ್ಬುಡ್ತಾನಾ? ಹಂಗಾದ್ರೆ ನಾನು ದಿನಾ ಹತ್ತು ಜನ ಸಾಯಿಸ್ಬೇಕಿತ್ತು."

ಪೊಲೀಸರ ಲೆಕ್ಕ ನೇರವಾಗಿತ್ತು. ಶನಿವಾರ ಮಧ್ಯಾಹ್ನ ಜಗಳ. ಕರಿ ತಂತಿ ಬಸವಯ್ಯನ ಸಾಮಾನಿನ ಕೋಣೆಯದು. ಶಿವಸ್ವಾಮಿ ಬ್ಯಾಟರಿಗೆ ಹಚ್ಚಿದ್ದ ಪ್ರಯೋಗಕ್ಕೆ ಇವನು ಕಳ್ಳತನದಲ್ಲಿ ಗೋಡೆಯ ಕರೆಂಟು ಸೇರಿಸಿ, ಐದೂ ಹದಿನೈದರ ಬಸ್ಸು ಹತ್ತಿ ಹೊರಟುಹೋದ. ಆಮೇಲೆ ಶಿವಸ್ವಾಮಿ ಬೀಕರಿಗೆ ಕೈ ಹಾಕಿದರು, ಸತ್ತರು.

"ಬಸ್ಸಿನಲ್ಲಿದ್ದೆ ಅನ್ನೋದು ಅವನನ್ನ ಉಳಿಸಲ್ಲ ಸಾರ್," ಎಂದಿದ್ದಳು ಬಿಂದುಶ್ರೀ. "ಬಲೆ ಹಾಕಿದೋನು ಮೀನು ಬೀಳೋವರೆಗೂ ಅಲ್ಲೇ ಕೂರ್ಬೇಕಾಗಿಲ್ವಲ್ಲ."

"ಬಲೆ ಯಾವಾಗ ಹಾಕಿದ್ದು ಅಂತ ಗೊತ್ತಾದರೆ?"

"ಅದನ್ನ ಹೇಳೋರು ಯಾರು? ನೋಡಿದೋರೇ ಇಲ್ಲ."

"ಸಾಕ್ಷಿ ಇದೆ," ಎಂದಿದ್ದರು ಮೇಷ್ಟ್ರು. "ಬೀಕರಿನೊಳಗೆ ನೇತು ಬಿದ್ದಿದೆ."

*

ಈಗ ಫ್ಯೂಸು ಬಿಂದುಶ್ರೀಯ ಜೇಬಿನಲ್ಲಿತ್ತು. ಮೇಷ್ಟ್ರು ಪ್ಲಗ್ಗನ್ನೂ ಕಿತ್ತು, ಮತ್ತೊಮ್ಮೆ ಟೆಸ್ಟರ್ ಹಿಡಿದು ನೋಡಿ, ಆಮೇಲೆ ಬೀಕರಿನ ಹತ್ತಿರ ಬಂದರು.

"ಇದೇನು ಹೇಳು."

"ಮೈಲುತುತ್ತದ ನೀರು. ವಿದ್ಯುದ್ವಿಭಜನೆ. ಐದು ಅಂಕದ ಪ್ರಶ್ನೆ, ನಂಗೆ ಎರಡು ಬಂದಿತ್ತು."

"ಉಳಿದ ಮೂರು ಇವತ್ತು ತಗೋ. ಒಂದು ಕಡೆ ತಾಮ್ರದ ತಗಡು, ಅದು ಬ್ಯಾಟರಿಯ ಪ್ಲಸ್ಸಿಗೆ. ಇನ್ನೊಂದು ಕಡೆ ಕಬ್ಬಿಣದ ಬೀಗದ ಕೈ, ಅದು ಮೈನಸ್ಸಿಗೆ. ಕರೆಂಟು ಹರಿಯುವಷ್ಟು ಹೊತ್ತೂ ತಗಡಿನ ತಾಮ್ರ ಕರಗಿ ನೀರಿಗಿಳಿಯುತ್ತೆ, ನೀರಿನ ತಾಮ್ರ ಬೀಗದ ಕೈಗೆ ಹತ್ತುತ್ತೆ. ಒಂದು ಸವೆದಷ್ಟು ಇನ್ನೊಂದು ಬೆಳೆಯುತ್ತೆ. ಜಾಸ್ತಿ ಹೊತ್ತು ಹರಿದರೆ ಜಾಸ್ತಿ, ಕಡಿಮೆ ಹೊತ್ತು ಹರಿದರೆ ಕಡಿಮೆ. ತಪ್ಪೋದೇ ಇಲ್ಲ."

"ಗೋಡೆ ಕರೆಂಟು ಹಾಕಿದ್ರೆ?"

"ಅದು ಸೆಕೆಂಡಿಗೆ ಐವತ್ತು ಸಲ ಹೋಗಿ ಬರೋ ಕರೆಂಟು. ಕೊಟ್ಟಿದ್ದನ್ನ ಆಗಲೇ ಕಿತ್ತುಕೊಳ್ಳುತ್ತೆ. ಅದೂ ಇಲ್ಲಿ ಒಂದೇ ತಂತಿ ಇಳಿಸಿದ್ದಾರೆ. ಒಂದೇ ತಂತಿಯಿಂದ ತಾಮ್ರ ಒಂದು ಕೂದಲೆಳೆಯಷ್ಟೂ ಕದಲಲ್ಲ."

ಬಿಂದುಶ್ರೀಯ ಹುಬ್ಬು ನಿಧಾನವಾಗಿ ಮೇಲೇರಿತು. "ಅಂದ್ರೆ, ಬ್ಯಾಟರಿ ಕಿತ್ತು ಗೋಡೆ ತಂತಿ ಹಾಕಿದ ಕ್ಷಣಕ್ಕೆ ತಾಮ್ರ ನಿಂತುಹೋಗುತ್ತೆ."

"ಆ ಕ್ಷಣ ಯಾವುದು ಅಂತ ತಗಡನ್ನ ತೂಗಿದ್ರೆ ಗೊತ್ತಾಗುತ್ತೆ."

ಮೇಜಿನ ಮೇಲೆ ಶಿವಸ್ವಾಮಿಯ ನೋಟ್‌ಬುಕ್ಕಿತ್ತು. ತೂಗದೆ ಅದ್ದಬಾರದು, ಬರೆಯದೆ ಸ್ವಿಚ್ ಒತ್ತಬಾರದು ಎಂದು ಅವನಿಗೆ ಕಲಿಸಿದವರು ಶಂಭುಲಿಂಗಪ್ಪನವರೇ. ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ಕಲಿತದ್ದನ್ನು ಸಾಯುವ ದಿನವೂ ಅವನು ತಪ್ಪಿಸಿರಲಿಲ್ಲ. ದುಂಡನೆಯ ಅಕ್ಷರದಲ್ಲಿ ಬರೆದಿದ್ದ:

ತಗಡು ೨೪.೩೬ ಗ್ರಾಂ. ಬೀಗದ ಕೈ ೧೮.೧೦ ಗ್ರಾಂ. ಅರ್ಧ ಆಂಪಿಯರ್. ಶುರು ೪.೪೦.

ಕೆಳಗೆ "ಮುಗಿದದ್ದು" ಎಂದು ಬರೆದು ಜಾಗ ಬಿಟ್ಟಿದ್ದ.

ಆ ಖಾಲಿ ಜಾಗವನ್ನು ಮೇಷ್ಟ್ರು ಬಹಳ ಹೊತ್ತು ನೋಡಿದರು. ಶುಕ್ರವಾರ ಶಿವಸ್ವಾಮಿ ಫೋನು ಮಾಡಿದ್ದ. "ಒಂದು ವಿಷಯ ಹೇಳ್ಬೇಕು ಮೇಷ್ಟ್ರೇ. ಅಮ್ಮನೋರ ವಿಷಯ. ಫೋನಲ್ಲಿ ಬೇಡ." ಅಮ್ಮನೋರು ಎಂದರೆ ಮೇಷ್ಟ್ರ ಹೆಂಡತಿ ಗುರುಮಲ್ಲಮ್ಮ. ಅವಳು ಲಿಂಗೈಕ್ಯಳಾಗಿ ಏಳು ತಿಂಗಳು. ಭಾನುವಾರ ಪೂಜೆ ಮುಗಿಸಿ ಬರುತ್ತೇನೆ ಎಂದಿದ್ದರು ಮೇಷ್ಟ್ರು. ಭಾನುವಾರ ಬಂದಾಗ ಅವನನ್ನು ನೋಡಿದ್ದು ಶವಾಗಾರದ ಬಾಗಿಲಲ್ಲಿ.

"ಒಂದು ಸಮಾಧಾನ ಸಾರ್," ಎಂದಳು ಬಿಂದುಶ್ರೀ, ಮೆತ್ತಗೆ. "ಬಲಗೈ ಸುಟ್ಟಿತ್ತು. ಎಡಗೈಯಲ್ಲಿ ಲಿಂಗ ಹಿಡ್ಕೊಂಡೇ ಪ್ರಾಣ ಬಿಟ್ಟಿದಾರೆ. ಫೋಟೋ ಇದೆ, ನೋಡ್ತೀರಾ?"

"ಬೇಡಮ್ಮ."

ಅಂಥ ಕೈ ಒಂದನ್ನು ಅವರು ನೋಡಿಯಾಗಿತ್ತು. ಗುರುಮಲ್ಲಮ್ಮನನ್ನು ಸಮಾಧಿಯಲ್ಲಿ ಕೂರಿಸಿ, ಪದ್ಧತಿಯಂತೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಾಗ, ಸಂಧಿವಾತದಿಂದ ಸೊಟ್ಟಗಾಗಿದ್ದ ಆ ಬೆರಳುಗಳು ಮಡಿಚಲೇ ಇಲ್ಲ. ಲಿಂಗ ಎರಡು ಸಲ ಜಾರಿತು. ಕೊನೆಗೆ ಮಗ ಸಾಗರ್ ಗುಂಡಿಗಿಳಿದು, ಶಿವದಾರವನ್ನು ಅವಳ ಉಂಗುರದ ಬೆರಳಿಗೆ ಮೂರು ಸುತ್ತು ಸುತ್ತಿ, ಅಂಗೈ ಕಡೆಗೆ ಗಂಟು ಹಾಕಿ ನಿಲ್ಲಿಸಿದ. ಹೀಗೆ ಯಾರೂ ಕಟ್ಟಿದ್ದನ್ನು ನೋಡಿಲ್ಲ, ತಾಯಿಗೆ ಮಗ ಮಾಡಿದ್ದು, ಇರಲಿ ಎಂದಿದ್ದರು ಸಂಸ್ಕಾರ ಮಾಡಿಸಿದ ಅಯ್ಯನವರು.

"ಕರಡಿಗೆ ಎಲ್ಲಿತ್ತು?" ಎಂದು ಮೇಷ್ಟ್ರು ಇದ್ದಕ್ಕಿದ್ದಂತೆ ಕೇಳಿದರು.

"ಎದೆ ಮೇಲೆ. ಬಾಯಿ ತೆಗೆದು."

"ಕರಡಿಗೆ ಬಿಚ್ಚಿ, ವಸ್ತ್ರ ಸರಿಸಿ ಲಿಂಗ ತೆಗೆಯೋಕೆ ಎರಡು ಕೈ ಬೇಕಮ್ಮ. ಬಲಗೈ ಸುಟ್ಟು ಬಿದ್ದವನು ಹೇಗೆ ತೆಗೆದ?"

ಬಿಂದುಶ್ರೀ ಮೊಬೈಲಿನಲ್ಲಿ ಫೋಟೋ ಮತ್ತೆ ತೆರೆದು ನೋಡಿದಳು.

"ಯಾರೋ ತೆಗೆದು ಕೈಯಲ್ಲಿಟ್ಟಿದ್ದಾರೆ. ಕೊಂದವನಿಗೆ ಶಿವನ ಭಯ ಇತ್ತು. ಲಿಂಗವಿಲ್ಲದ ಕೈಯಲ್ಲಿ ಇವನನ್ನು ಕಳಿಸೋಕೆ ಹೆದರಿದ್ದಾನೆ. ಬಸವಯ್ಯ ಲಿಂಗ ಕಟ್ಟಿದವನಲ್ಲ, ಯಾವ ಕೈ ಅಂತಲೂ ಅವನಿಗೆ ಗೊತ್ತಿರೋದಿಲ್ಲ." ಮೇಷ್ಟ್ರ ದನಿ ಇಳಿಯಿತು. "ಇದು ನಮ್ಮವರೇ ಮಾಡಿದ್ದು ಬಿಂದು. ಬೆಳಿಗ್ಗೆ ಎದ್ದು ಪೂಜೆಗೆ ಕೂರುವವರು."

*

ಬಸ್ಸಿನ ಕಂಡಕ್ಟರನ್ನು ವಿಚಾರಿಸಲು ಬಿಂದುಶ್ರೀ ಹೊರಗೆ ಹೋದಳು. ಮೇಷ್ಟ್ರು ಒಬ್ಬರೇ ಉಳಿದರು.

ಹೆದ್ದಾರಿಯಲ್ಲಿ ಈರುಳ್ಳಿ ಲಾರಿಯೊಂದು ಹೋದಾಗ ಕಿಟಕಿಯ ಗಾಜೆಲ್ಲ ಸಣ್ಣಗೆ ಅದುರಿತು. ಹಾಡಹಗಲು. ಆದರೂ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಲು ಅವರಿಗೆ ಧೈರ್ಯವಾಗಲಿಲ್ಲ. ತೂಕದ ಯಂತ್ರವನ್ನು ಮೇಜಿನ ಆ ಬದಿಗೆ ಎಳೆದುಕೊಂಡರು.

ತಗಡನ್ನು ತೆಗೆದು ನೀರಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ಒಣಗಿಸಿದರು. ಅಂಚೆಲ್ಲ ಗೆದ್ದಲು ತಿಂದ ಹಾಗೆ ಸವೆದಿತ್ತು. ಯಂತ್ರದ ಮೇಲಿಟ್ಟರು.

೨೩.೩೭.

ಮತ್ತೆ ತೆಗೆದು ಮತ್ತೆ ಇಟ್ಟರು. ಅದೇ ಬಂತು. ಒಂದು ಗ್ರಾಮಿಗೆ ಕೂದಲೆಳೆ ಕಡಿಮೆ ಸವೆದಿತ್ತು. ಅರ್ಧ ಆಂಪಿಯರ್ ಗಂಟೆಗೆ ಸೊನ್ನೆ ಪಾಯಿಂಟ್ ಐದು ಒಂಬತ್ತು ಗ್ರಾಂ ತಾಮ್ರ ಕರಗಿಸುತ್ತದೆ. ಕಾಗದವಿಲ್ಲದೆ ಬಾಯಲ್ಲೇ ಭಾಗಿಸಿದರು. ನೂರು ನಿಮಿಷ.

ನಾಲ್ಕೂ ನಲವತ್ತಕ್ಕೆ ನೂರು ನಿಮಿಷ ಸೇರಿದರೆ ಆರೂ ಇಪ್ಪತ್ತು.

ಬಸವಯ್ಯ ಆಗ ಬಸ್ಸಿನಲ್ಲಿದ್ದ. ಅವನು ಉಳಿದ!

"ಶಿವನೇ" ಎಂದು ಉಸಿರು ಬಿಟ್ಟವರು ತಲೆ ಎತ್ತಿದರು. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಹೆಡ್‌ಮಾಸ್ಟರ್ ಮಹದೇವಪ್ರಸಾದ್. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದಕ್ಕೇ ಸದ್ದಾಗಿರಲಿಲ್ಲ. ಅವರು ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು.

"ಶರಣು ಮೇಷ್ಟ್ರೇ. ಬೀಕರ್ ಮುಟ್ಟಿದ್ರಾ?"

"ಮುಟ್ಟಿ ಬದುಕಿದೀನಿ. ಬೇಜಾರಾಯ್ತಾ?"

ಹೆಡ್‌ಮಾಸ್ಟರ ಕಣ್ಣು ತೂಕದ ಯಂತ್ರದ ಮೇಲೆ ಹೋಯಿತು. "ಇದನ್ನ ಕೋರ್ಟಿಗೆ ಕೊಡ್ತೀರಾ? ವಕೀಲರು ನಗ್ತಾರೆ. ನಾನು ಲೆಕ್ಕದ ಮೇಷ್ಟ್ರು, ನನಗೇ ಗೊತ್ತು. ಮೈಲುತುತ್ತದ ನೀರಿಗೆ ಕಬ್ಬಿಣ ಬಿದ್ರೆ ಕರೆಂಟಿಲ್ದೇನೂ ತಾಮ್ರ ಹತ್ತುತ್ತೆ. ಎರಡು ದಿನದಿಂದ ಅದ್ರಲ್ಲೇ ಇದೆ ಬೀಗದ ಕೈ."

"ಅದಕ್ಕೇ ನಾನು ಬೀಗದ ಕೈಯನ್ನ ನಂಬಲಿಲ್ಲ. ತಗಡನ್ನ ತೂಗಿದೆ. ಕರೆಂಟು ಹರಿಯದೆ ತಗಡು ಹೀಗೆ ಸವೆಯಲ್ಲ."

ಹೆಡ್‌ಮಾಸ್ಟರ್ ಬಗ್ಗಿ ಯಂತ್ರದ ಅಂಕಿ ಓದಿದರು.

"ಬ್ಯಾಟರಿ ತಾನಾಗಿ ಸತ್ತಿದ್ರೆ?" ಎಂದರು ಕೊನೆಗೆ.

"ಬೀರುವಿನಲ್ಲಿತ್ತು. ಬಲ್ಬು ಹಚ್ಚಿ ನೋಡಿದೆವು, ಚೆನ್ನಾಗಿ ಉರೀತು. ಆರೂ ಇಪ್ಪತ್ತಕ್ಕೆ ಅದನ್ನ ಯಾರೋ ಕಿತ್ತು ಬೀರುವಿಗೆ ಸೇರಿಸಿದ್ದಾರೆ. ನೀವು ಐದಕ್ಕೆ ಮನೆಗೆ ಹೋದೆ ಅಂತ ಬರೆದುಕೊಟ್ಟಿದ್ದೀರಿ."

ಹೆಡ್‌ಮಾಸ್ಟರ್ ಕಿಟಕಿಯ ಕಡೆ ತಿರುಗಿದರು.

"ಎಷ್ಟು ಹೊತ್ತಿಗೆ ಹೋದಿರಿ ಪ್ರಸಾದ್?"

"ಆರೂವರೆ."

"ಫ್ಯೂಸು ಹಾಕಿದ್ದು?"

"ನಾನಲ್ಲ!" ಆ ಕೂಗಿಗೆ ಅವರೇ ಬೆಚ್ಚಿ ಬಾಗಿಲ ಕಡೆ ನೋಡಿದರು. "ಈಗ ನೋಡ್ದೆ ಮೇಷ್ಟ್ರೇ. ಕಿಟಕಿ ಮೇಲೆ ಫ್ಯೂಸಿರ್ಲಿಲ್ಲ. ಚಪ್ಪಲಿನೂ ಹಾಕ್ದೆ ಓಡಿ ಬಂದೆ. ನೀವು ಕೈ ಹಾಕ್ಬಿಟ್ಟಿರ್ತೀರಿ ಅಂತ."

"ಹಾಗಾದರೆ ಯಾರು?"

ಹೆಡ್‌ಮಾಸ್ಟರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು. ಅವರು ಹತ್ತಿರ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಇಲ್ಲಿಗೇ ಬಿಟ್ಬಿಡಿ. ಬಸವಯ್ಯನಿಗೆ ಒಳ್ಳೇ ವಕೀಲರನ್ನ ನಾನೇ ಇಡಿಸ್ತೀನಿ. ನೀವು ಮನೆಗೆ ಹೋಗಿ." ಒಂದು ಕ್ಷಣ ತಡೆದರು. "ಬೇಡ. ಮನೆಗೂ ಹೋಗ್ಬೇಡಿ. ಭೀಮನಬೀಡಲ್ಲಿ ನಿಮ್ಮ ತಂಗಿ ಇದಾರಲ್ಲ, ಅಲ್ಲಿಗೆ ಹೋಗ್ಬಿಡಿ. ಇವತ್ತೇ."

"ಹೆದರಿಸ್ತಿದ್ದೀರಾ ನನ್ನ?"

"ಹೆದರಿದೀನಿ ಮೇಷ್ಟ್ರೇ. ನಂಗೂ ಮಕ್ಕಳಿದಾವೆ. ಆ ಹೆಸರು ನನ್ನ ಬಾಯಿಂದ ಹೇಳಿಸ್ಬೇಡಿ. ನಿಮಗಂತೂ ನಾನು ಹೇಳಲಾರೆ."

ನಿಮಗಂತೂ. ಆ ಮಾತು ಕೋಣೆಯಲ್ಲಿ ನಿಂತಿತು. ಹೆಡ್‌ಮಾಸ್ಟರ್ ಬಂದಷ್ಟೇ ಮೆಲ್ಲಗೆ ಹೊರಟುಹೋದರು.

ಮನೆಗೂ ಹೋಗಬೇಡಿ ಎಂದದ್ದೇಕೆ? ಮನೆಯಲ್ಲಿ ಇರುವವರು ಇಬ್ಬರೇ.

*

"ಸಾರ್, ಕಂಡಕ್ಟರ್ ಒಪ್ಕೊಂಡ!" ಬಿಂದುಶ್ರೀ ಒಳಗೆ ನುಗ್ಗಿದಳು. "ಐದೂ ಹದಿನೈದಕ್ಕೆ ಹತ್ತಿದೋನು ಚಾಮರಾಜನಗರದಲ್ಲೇ ಇಳಿದಿದ್ದು. ಚಿಲ್ಲರೆಗೆ ಜಗಳ ಆಡ್ಕೊಂಡೇ ಹೋಗಿದಾನೆ ಪುಣ್ಯಾತ್ಮ. ನಿಮ್ಮ ತಾಮ್ರ ಏನ್ ಹೇಳ್ತು?"

"ಆರೂ ಇಪ್ಪತ್ತು."

"ಹಾಗಾದ್ರೆ ಬಸವಯ್ಯ ಅಲ್ಲ." ಅವಳ ಮುಖ ಅರಳಿ, ಮತ್ತೆ ಬಾಡಿತು. "ಆದ್ರೆ ಸಾರ್, ಸಾಹೇಬ್ರು ತಗಡಿನ ತೂಕ ಕೇಳಿ ಬಿಡಲ್ಲ. ಅಲ್ಲ ಅಂದ್ರೆ ಮತ್ತ್ಯಾರು ಅಂತಾರೆ. ಹೆಸರು ಬೇಕು. ಎರಡಕ್ಕೆ ಜೀಪು ಹೊರಡುತ್ತೆ."

"ಆ ಫೋಟೋ ಕೊಡಮ್ಮ."

ಅವಳು ಮೊಬೈಲಿನಲ್ಲಿ ತೆರೆದು ಕೊಟ್ಟಳು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಬೆಳಿಗ್ಗೆ ಸಾಗರ್ ತಂದುಕೊಟ್ಟ ಕನ್ನಡಕ.

ಶಿವಸ್ವಾಮಿಯ ಎಡಗೈ. ಸೀಮೆಸುಣ್ಣದ ಪುಡಿ ಇನ್ನೂ ಅಂಟಿದ್ದ ಬೆರಳುಗಳು. ನಡುವೆ ಕರ್ರನೆಯ ಲಿಂಗ.

ಉಂಗುರದ ಬೆರಳಿಗೆ ಶಿವದಾರ ಮೂರು ಸುತ್ತು ಸುತ್ತಿತ್ತು. ಅಂಗೈ ಕಡೆಗೆ ಗಂಟು ಹಾಕಿತ್ತು.

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು.

ಶನಿವಾರ ಚಾಮರಾಜನಗರಕ್ಕೆ ಔಷಧಿ ತರಲು ಹೋಗುತ್ತೇನೆ ಎಂದು ಸಾಗರ್ ತನ್ನ ಮೆಡಿಕಲ್ ಅಂಗಡಿ ಮುಚ್ಚಿದ್ದ. ಏಳಕ್ಕೆ ಮನೆಗೆ ಬಂದ. ಕೈಯಲ್ಲಿ ಔಷಧಿಯ ಪೆಟ್ಟಿಗೆ ಇರಲಿಲ್ಲ. ಮಾತಾಡದೆ ತಣ್ಣೀರು ಸುರಿದುಕೊಂಡು, ಪೂಜೆಗೆ ಕೂತವನು ಒಂಬತ್ತಾದರೂ ಎದ್ದಿರಲಿಲ್ಲ. ಮಗನಿಗೆ ಭಕ್ತಿ ಹೆಚ್ಚಿತು ಎಂದು ಮೇಷ್ಟ್ರು ಸಂತೋಷಪಟ್ಟಿದ್ದರು.

ಇವತ್ತು ಕನ್ನಡಕ ಮರೆತಿದ್ದು ನಿಜವೇ? ಅದನ್ನು ಜೇಬಿಗೆ ಹಾಕಿಕೊಂಡ ನೆನಪು ಅವರಿಗೆ ಚೆನ್ನಾಗಿತ್ತು.

"ಸಾರ್? ಮೈಗೆ ಹುಷಾರಿಲ್ವಾ?"

"ಬಸವಯ್ಯನ ಹತ್ತಿರ ಕರ್ಕೊಂಡು ಹೋಗು."

*

ಗೇಟಿನ ಬೇವಿನ ನೆರಳಿನಲ್ಲಿ ಜೀಪು ಆಗಲೇ ಗುರುಗುಟ್ಟುತ್ತಿತ್ತು. ಈರಮ್ಮ ಎದ್ದು ನಿಂತಳು. ಮೇಷ್ಟ್ರ ಮುಖ ನೋಡಿ ಸೆರಗು ಕಣ್ಣಿಗೊತ್ತಿಕೊಂಡಳು. ಒಳಗಿಂದ ಬಸವಯ್ಯ ಗದರಿದ.

"ಅಳ್ಬೇಡ ಕಣಮ್ಮಿ. ಮೇಷ್ಟ್ರು ಬಂದವ್ರೆ, ನೋಡು."

ಜೀಪಿನ ಹಿಂದೆ ಸ್ಕೂಟರ್ ನಿಂತಿತ್ತು. ಊಟದ ಕ್ಯಾರಿಯರ್ ಹಿಡಿದು ಸಾಗರ್ ಇಳಿದು ಬಂದ. ತೋಳು ಮಡಿಚಿದ ಅಂಗಿ, ಹಣೆಯಲ್ಲಿ ನೀಟಾಗಿ ಮೂರು ಬೆರಳ ವಿಭೂತಿ. ತಾಯಿಯದೇ ಕಣ್ಣು.

ಹೆತ್ತವರ ಕೈಯನ್ನು ಅಷ್ಟು ಮೃದುವಾಗಿ ಹಿಡಿಯುವ ಮಗ ಗುಂಡ್ಲುಪೇಟೆಯಲ್ಲಿ ಇನ್ನೊಬ್ಬನಿಲ್ಲ ಎನ್ನುತ್ತಿದ್ದಳು ಗುರುಮಲ್ಲಮ್ಮ.

"ಒಂದೂವರೆ ಆಯ್ತು ಅಪ್ಪಾಜಿ. ಹಸಿದಿರ್ತೀರಿ."

"ಸಾರ್," ಬಿಂದುಶ್ರೀ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಗೊತ್ತಾಗಿದೆ ನಿಮಗೆ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿದೆ. ಹೇಳ್ದೆ ಇದ್ರೆ ಇವನನ್ನ ಕರ್ಕೊಂಡು ಹೋಗ್ಲೇಬೇಕು."

ಮೇಷ್ಟ್ರು ಬಸವಯ್ಯನನ್ನು ನೋಡಿದರು. ಮಗನನ್ನು ನೋಡಿದರು. ಅಂಗಿಯ ಮೇಲಿಂದಲೇ ಕರಡಿಗೆಯನ್ನು ಬಿಗಿಯಾಗಿ ಹಿಡಿದರು.

"ಅವನ ಕೈಕೋಳ ಬಿಚ್ಚಿಸಮ್ಮ," ಎಂದರು. "ಹೆಸರು ಹೇಳ್ತೀನಿ."

ಬಿಂದುಶ್ರೀ ಬೀಗದ ಕೈ ತರಲು ಜೀಪಿನ ಆ ಬದಿಗೆ ಓಡಿದಳು, ಅವಳ ಹಿಂದೆಯೇ ಈರಮ್ಮ. ತಂದೆ ಮಗ ಇಬ್ಬರೇ ಎದುರುಬದುರು ಉಳಿದರು.

ಸಾಗರ್ ಆ ಮಾತು ಕೇಳಿದನೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ತಂದೆಯ ಎಡಗೈಯನ್ನು ಮೆಲ್ಲಗೆ ಕರಡಿಗೆಯಿಂದ ಬಿಡಿಸಿ, ಅಂಗೈ ಅಗಲಿಸಿದ. ಜೇಬಿನಿಂದ ತೆಗೆದು ಅದರಲ್ಲಿ ಎರಡು ಬಿಳಿ ಮಾತ್ರೆ ಇಟ್ಟ.

"ದಿನಾ ಒಂದೇ ಅಲ್ವೇನಪ್ಪ?" ಎಂದರು ಮೇಷ್ಟ್ರು.

"ಅಮ್ಮನಿಗೂ ಕೊನೆಕೊನೆಗೆ ಎರಡು ಕೊಡ್ತಿದ್ನಲ್ಲ ಅಪ್ಪಾಜಿ, ಮರೆತ್ರಾ?"

ಅವನು ತಂದೆಯ ಬೆರಳುಗಳನ್ನು ಒಂದೊಂದಾಗಿ ಮಾತ್ರೆಯ ಮೇಲೆ ಮಡಿಚಿದ. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ.

"ನುಂಗಿ. ನಾನು ನೋಡ್ತಾ ನಿಂತಿರ್ತೀನಿ."